ಕರಗಿದ ಹಿಮ, ಕರಗದ ಹೃದಯ

ನದಿಯನ್ನು ಕೇವಲ ನೀರೆಂದು ಭಾವಿಸಿದ ಪ್ರಾಚೀನ ಜನಾಂಗವು ವಿರಳ. ಉತ್ತರ ಯುರೋಪಿನ ನಾರ್ವೆ, ಐಸ್‌ಲ್ಯಾಂಡ್ ಮೊದಲಾದ ಶೀತದೇಶಗಳ ಜನರು ಕ್ರೈಸ್ತಮತವನ್ನು ಸ್ವೀಕರಿಸುವ ಮುನ್ನ ಓಡಿನ್, ಥಾರ್ ಮುಂತಾದ ದೇವತೆಗಳನ್ನು ಪೂಜಿಸುತ್ತಿದ್ದರು. ಅವರ ಪುರಾಣಗಳು ನಮಗೆ ಉಳಿದುಬಂದಿರುವುದು ಮುಖ್ಯವಾಗಿ ಐಸ್‌ಲ್ಯಾಂಡಿನಲ್ಲಿ 13ನೆಯ ಶತಮಾನದಲ್ಲಿ ಬರೆದಿಟ್ಟ ಗ್ರಂಥಗಳಿಂದ. ಸ್ವತಃ ಕ್ರೈಸ್ತನಾಗಿದ್ದ ಸ್ನೋರಿ ಸ್ಟುರ್ಲುಸನ್ (1179–1241) ಎಂಬ ವಿದ್ವಾಂಸನು ಪೂರ್ವಿಕರ ಈ ಕಥೆಗಳನ್ನು 'ಎಡ್ಡಾ' ಎಂಬ ಗ್ರಂಥದಲ್ಲಿ ಆದರದಿಂದ ಸಂಗ್ರಹಿಸಿದನು. ಅದರಲ್ಲಿ ಹರಿಯುವ ನದಿಗಳ ಅಂತರಾರ್ಥವನ್ನು ನಾವಿಲ್ಲಿ ಕೊಂಚ ಪರಿಶೀಲಿಸೋಣ.

ಸೃಷ್ಟಿಯ ಪೂರ್ವದಲ್ಲಿ ಇದ್ದುದು ಗಿನ್ನುಂಗಗಾಪ್ ಎಂಬ ಮಹಾಶೂನ್ಯ. ಅದರ ಉತ್ತರಕ್ಕೆ ಮಂಜಿನ ನಿಫ್ಲ್‌ಹೈಮ್, ದಕ್ಷಿಣಕ್ಕೆ ಬೆಂಕಿಯ ಮುಸ್ಪೆಲ್. ಎಲಿವಾಗರ್ ಎಂಬ ನದಿಗಳು ಮೂಲದಿಂದ ಬಹುದೂರ ಹರಿದು, ತಮ್ಮೊಳಗಿನ ವಿಷದೊಡನೆ ಗಡ್ಡೆಕಟ್ಟಿ, ಪದರಪದರವಾಗಿ ಹಿಮವಾದವು. ದಕ್ಷಿಣದ ಬಿಸಿಗಾಳಿ ತಗುಲಿದಾಗ ಆ ಹಿಮವು ಕರಗಿ ತೊಟ್ಟಿಕ್ಕಿತು. ಆ ಹನಿಗಳಿಂದಲೇ ಇಮಿರ್ ಎಂಬ ಆದಿದೈತ್ಯನು ಜನಿಸಿದನು. ಅವನ ದೇಹದಿಂದ ದೇವತೆಗಳು ಲೋಕವನ್ನು ನಿರ್ಮಿಸಿದರು. ಹಿಮವೊಂದರಿಂದ ಜೀವವಿಲ್ಲ, ಬೆಂಕಿಯೊಂದರಿಂದಲೂ ಇಲ್ಲ. ಕರಗುವಿಕೆಯಲ್ಲಿಯೇ ಜೀವದ ಉಗಮ.

ಈ ನದಿಗಳಿಗೆ ನೈತಿಕ ಅರ್ಥವೂ ಉಂಟು. ಲೈಪ್ಟರ್ ನದಿಯ ಹೊಳೆಯುವ ನೀರಿನ ಮೇಲೆ ಆಣೆಯಿಟ್ಟ ಪ್ರಸಂಗವು ಪ್ರಾಚೀನ ಕಾವ್ಯವೊಂದರಲ್ಲಿ ಬರುತ್ತದೆ. ಆಣೆಗೆ ತಪ್ಪಿದವರೂ ಕೊಲೆಗಡುಕರೂ ಸತ್ತ ಬಳಿಕ ಭಾರವಾದ ಪ್ರವಾಹಗಳಲ್ಲಿ ನಡೆಯಬೇಕಾಗುವುದೆಂದು ಇನ್ನೊಂದು ಕಾವ್ಯವು ಎಚ್ಚರಿಸುತ್ತದೆ. ದೇವತೆಗಳಿಗೂ ವಿನಾಯಿತಿಯಿಲ್ಲ. ಇಗ್‌ಡ್ರಸಿಲ್ ಎಂಬ ವಿಶ್ವವೃಕ್ಷದಡಿ ನ್ಯಾಯ ತೀರ್ಮಾನಿಸಲು ಹೋಗುವ ಥಾರನು ಪ್ರತಿದಿನವೂ ನದಿಗಳನ್ನು ಕಾಲ್ನಡೆಯಿಂದಲೇ ದಾಟಬೇಕು. ನ್ಯಾಯಪೀಠವನ್ನು ಏರುವವನು ಮೊದಲು ನೀರಿಗಿಳಿಯಬೇಕೆಂಬ ಭಾವವನ್ನು ನಾವು ಇದರಲ್ಲಿ ಕಾಣುತ್ತೇವೆ.

ಮೃತ್ಯುಲೋಕದ ಬಾಗಿಲಿಗೆ ಸಮೀಪದಲ್ಲಿರುವುದು ಗ್ಯೋಲ್ ನದಿ. ಎಲ್ಲರ ಪ್ರೀತಿಪಾತ್ರನಾದ ಬಾಲ್ಡರ್ ದೇವನು ಸತ್ತಾಗ, ಅವನನ್ನು ಮರಳಿ ತರಲು ಹೆರ್ಮೋಡನು ಒಂಬತ್ತು ರಾತ್ರಿ ಕತ್ತಲೆಯ ಕಣಿವೆಗಳಲ್ಲಿ ಕುದುರೆಯೇರಿ ಸಾಗಿ, ಹೊನ್ನು ಹೊದಿಸಿದ ಅದರ ಸೇತುವೆಗೆ ಬಂದನು. ಹಿಂದಿನ ದಿನ ಸತ್ತವರ ಐದು ದಂಡುಗಳು ದಾಟಿದಾಗ ಆದಷ್ಟೇ ಸದ್ದು ಇವನೊಬ್ಬನಿಂದಲೇ ಆಗುತ್ತಿದೆಯೆಂದು ಕಾವಲಿನ ಕನ್ಯೆ ಮೋಡ್‌ಗುಡ್ ಬೆರಗಾದಳು. ಜೀವವೊಂದರ ತೂಕವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಲೋಕದ ಸಮಸ್ತ ವಸ್ತುಗಳೂ ಅತ್ತರೆ ಬಾಲ್ಡರನನ್ನು ಬಿಡುವೆನೆಂದು ಮೃತ್ಯುದೇವತೆ ಹೆಲ್ ಒಪ್ಪಿದಳು. ಮನುಷ್ಯರು, ಪ್ರಾಣಿಗಳು, ಮಣ್ಣು, ಕಲ್ಲು, ಮರ, ಲೋಹಗಳೆಲ್ಲವೂ ಅತ್ತವು. ಚಳಿಯಿಂದ ಬಿಸಿಗೆ ಬಂದ ವಸ್ತುಗಳು ಬೆವರುವುದನ್ನು ನಾವು ಕಾಣುತ್ತೇವಲ್ಲ, ಅದುವೇ ಆ ಅಳುವೆಂದು ಸ್ನೋರಿ ಸೂಚಿಸುತ್ತಾನೆ. ಥೋಕ್ ಎಂಬ ದೈತ್ಯೆಯೊಬ್ಬಳು ಮಾತ್ರ ಅಳಲೊಪ್ಪಲಿಲ್ಲ, ಬಾಲ್ಡರನು ಮರಳಲಿಲ್ಲ.

ಮೊದಲ ಜೀವವನ್ನು ತಂದುದು ಹಿಮದ ಕರಗುವಿಕೆ. ಸತ್ತವನನ್ನು ತರಬಹುದಾಗಿದ್ದುದು ಹೃದಯಗಳ ಕರಗುವಿಕೆ. ಲೋಕವೆಲ್ಲ ಕರಗಿಯೂ ಒಂದೇ ಒಂದು ಹೃದಯವು ಹೆಪ್ಪುಗಟ್ಟಿ ನಿಂತುದರಿಂದ ಆದ ನಷ್ಟವು ಎಲ್ಲರದಾಯಿತು. ಮನೆಯೊಳಗೆ ಮುನಿಸು ಹೆಪ್ಪುಗಟ್ಟಿದಾಗ ಈ ದೂರದೇಶದ ಕಥೆಯನ್ನು ನೆನೆಯುವುದು ಲೇಸೆಂದು ನಮಗೆ ತೋರುತ್ತದೆ.