ಸಿಮ್ ರೇಸಿಂಗ್ ಬ್ರೇಕ್ ಪೆಡಲ್ ಹೊಂದಾಣಿಕೆ

ಸಿಮ್ ರೇಸಿಂಗ್ ಬ್ರೇಕ್ ಪೆಡಲ್ ಹೊಂದಾಣಿಕೆ ಎಂದರೆ ಗಣಕಯಂತ್ರದಲ್ಲಿ ಆಡುವ ಕಾರು ಓಟದ ಬ್ರೇಕ್ ಪೆಡಲಿನ ಗಡಸುತನ, ಚಲನೆಯ ದೂರ ಮತ್ತು ಸಂಕೇತದ ಮಿತಿಗಳನ್ನು ಚಾಲಕನ ಕಾಲಿನ ಬಲಕ್ಕೆ ತಕ್ಕಂತೆ ನಿಗದಿಪಡಿಸುವ ಕ್ರಿಯೆ. ಪ್ರತಿ ಸುತ್ತಿನಲ್ಲಿಯೂ ಒಂದೇ ಪ್ರಮಾಣದ ಬ್ರೇಕನ್ನು ಹಾಕಲು ಸಾಧ್ಯವಾಗಿಸುವುದು ಇದರ ಉದ್ದೇಶ.

ಹಿನ್ನೆಲೆ

ನಿಜವಾದ ಕಾರಿನಲ್ಲಿ ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ದ್ರವದ ಒತ್ತಡ ಏರಿ, ಬ್ರೇಕ್ ಪ್ಯಾಡುಗಳು ಡಿಸ್ಕಿಗೆ ಒತ್ತಿಕೊಳ್ಳುತ್ತವೆ. ಅವು ಡಿಸ್ಕನ್ನು ಮುಟ್ಟಿದ ಮೇಲೆ ಪೆಡಲು ಹೆಚ್ಚು ಚಲಿಸುವುದಿಲ್ಲ. ಹೀಗಾಗಿ ಕಾರಿನ ವೇಗವನ್ನು ತಗ್ಗಿಸುವುದು ಬಹುಮಟ್ಟಿಗೆ ಕಾಲಿನ ಬಲವೇ ಹೊರತು ಪೆಡಲು ಚಲಿಸಿದ ದೂರವಲ್ಲ. ಫಾರ್ಮುಲಾ ಒನ್ ಚಾಲಕರು ತೀವ್ರವಾಗಿ ಬ್ರೇಕ್ ಹಾಕುವಾಗ 100 ಕೆ.ಜಿ. ತೂಕಕ್ಕೂ ಮೀರಿದ ಬಲವನ್ನು ಪ್ರಯೋಗಿಸುತ್ತಾರೆ. ಮನೆಯಲ್ಲಿ ಬಳಸುವ ಸಿಮ್ಯುಲೇಟರಿನಲ್ಲಿ ದೇಹ ಮುಂದಕ್ಕೆ ತಳ್ಳಲ್ಪಡುವ ಅನುಭವ ಇರುವುದಿಲ್ಲ. ಆದ್ದರಿಂದ ಪೆಡಲಿನ ಪ್ರತಿರೋಧವೇ ಚಾಲಕನಿಗೆ ಸಿಗುವ ಮುಖ್ಯ ಸುಳಿವು.

ಸಂವೇದಕಗಳ ವಿಧಗಳು

• ಪೊಟೆನ್ಶಿಯೋಮೀಟರ್: ಪೆಡಲು ಚಲಿಸಿದ ದೂರವನ್ನು ಅಳೆಯುತ್ತದೆ. ಒಳಗಿನ ಭಾಗಗಳು ಉಜ್ಜಿ ಸವೆಯುತ್ತವೆ. ಧೂಳು ಸೇರಿದರೆ ಸಂಕೇತ ಅಸ್ಥಿರವಾಗುತ್ತದೆ. 2015ರಲ್ಲಿ ಬಂದ ಲಾಜಿಟೆಕ್ ಜಿ29 ಈ ವರ್ಗಕ್ಕೆ ಸೇರಿದೆ. ಅದರ ಬ್ರೇಕಿನೊಳಗೆ ರಬ್ಬರ್ ತುಂಡೊಂದನ್ನು ಇರಿಸಿ ಗಡಸುತನ ನೀಡಲಾಗಿದೆ.
• ಹಾಲ್ ಸಂವೇದಕ: ಅಯಸ್ಕಾಂತ ಕ್ಷೇತ್ರದ ಬದಲಾವಣೆಯಿಂದ ಸ್ಥಾನವನ್ನು ಗುರುತಿಸುತ್ತದೆ. ಭಾಗಗಳು ಪರಸ್ಪರ ತಾಗದ ಕಾರಣ ಸವೆತವಿಲ್ಲ. ಆದರೆ ಇದು ಅಳೆಯುವುದೂ ದೂರವನ್ನೇ.
• ಲೋಡ್ ಸೆಲ್: ಲೋಹದ ತುಂಡು ಒತ್ತಡಕ್ಕೆ ಅತಿ ಸೂಕ್ಷ್ಮವಾಗಿ ಬಾಗಿದಾಗ ಅದಕ್ಕೆ ಅಂಟಿಸಿದ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ. ಅದರಿಂದ ಬಲವನ್ನು ಲೆಕ್ಕ ಹಾಕಲಾಗುತ್ತದೆ. ಥ್ರಸ್ಟ್‌ಮಾಸ್ಟರ್ ಟಿ-ಎಲ್‌ಸಿಎಂ ಪೆಡಲುಗಳ ಬ್ರೇಕಿನಲ್ಲಿ 100 ಕೆ.ಜಿ. ಸಾಮರ್ಥ್ಯದ ಲೋಡ್ ಸೆಲ್ ಇದೆ.

ಆಧಾರದ ದೃಢತೆ

ಹೊಂದಾಣಿಕೆಯ ಮೊದಲ ಹಂತ ಪೆಡಲಿನದ್ದಲ್ಲ, ಅದರ ಆಧಾರದ್ದು. ಗಾಲಿಕುರ್ಚಿ ಹಿಂದಕ್ಕೆ ಸರಿದರೆ ಅಥವಾ ಪೆಡಲಿನ ಹಲಗೆ ಬಾಗಿದರೆ, ಕಾಲಿನ ಬಲ ಪ್ರತಿ ಬಾರಿಯೂ ಬೇರೆ ಬೇರೆ ರೀತಿಯಲ್ಲಿ ಪೆಡಲನ್ನು ತಲುಪುತ್ತದೆ. ಪೆಡಲಿನ ಹಿಂಬದಿಯನ್ನು ಗೋಡೆಗೆ ಆನಿಸುವುದು, ಕುರ್ಚಿಯ ಗಾಲಿಗಳನ್ನು ತೆಗೆಯುವುದು ಅಥವಾ ಕುರ್ಚಿಯನ್ನೂ ಪೆಡಲನ್ನೂ ಪಟ್ಟಿಯಿಂದ ಬಿಗಿಯುವುದು ಕಡಿಮೆ ಖರ್ಚಿನ ಪರಿಹಾರಗಳು.

ಯಾಂತ್ರಿಕ ಹೊಂದಾಣಿಕೆ

ಸ್ಪ್ರಿಂಗ್ ಮತ್ತು ಎಲಾಸ್ಟೋಮರ್ ಎಂಬ ರಬ್ಬರಿನಂತಹ ಬಿಲ್ಲೆಗಳನ್ನು ಬದಲಿಸಿ ಗಡಸುತನವನ್ನು ಹೆಚ್ಚು ಕಡಿಮೆ ಮಾಡಬಹುದು. ಮೆದು ಸ್ಪ್ರಿಂಗ್ ಪ್ಯಾಡು ಡಿಸ್ಕನ್ನು ಮುಟ್ಟುವವರೆಗಿನ ಸಡಿಲ ಚಲನೆಯನ್ನೂ, ಗಟ್ಟಿ ಬಿಲ್ಲೆ ಮುಟ್ಟಿದ ನಂತರದ ಪ್ರತಿರೋಧವನ್ನೂ ಅನುಕರಿಸುತ್ತದೆ.

ಎಲಾಸ್ಟೋಮರ್ ಬಿಸಿಯಾದಾಗ ಮೆದುವಾಗುತ್ತದೆ. ಯಾದಗಿರಿ, ಶಹಾಪುರ, ಸುರಪುರದಂತಹ ಊರುಗಳಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ, ಚಳಿಗಾಲದಲ್ಲಿ ಹೊಂದಿಸಿದ ಪೆಡಲು ಏಪ್ರಿಲ್ ತಿಂಗಳ ಮಧ್ಯಾಹ್ನ ಸಡಿಲವೆನಿಸಬಹುದು. ಲೋಡ್ ಸೆಲ್ ಪೆಡಲಿನಲ್ಲಿ ಆಗ ಚಲನೆಯ ದೂರ ಮಾತ್ರ ಹೆಚ್ಚುತ್ತದೆ. ಅಷ್ಟೇ ಬಲಕ್ಕೆ ಹೆಚ್ಚುಕಡಿಮೆ ಅಷ್ಟೇ ಬ್ರೇಕ್ ಸಿಗುತ್ತದೆ. ದೂರವನ್ನು ಅಳೆಯುವ ಪೆಡಲಿನಲ್ಲಿ ಕಡಿಮೆ ಬಲಕ್ಕೇ ಹೆಚ್ಚು ಬ್ರೇಕ್ ಬಿದ್ದು ಚಕ್ರಗಳು ಸ್ತಂಭಿಸುವ ಸಾಧ್ಯತೆಯಿದೆ.

ತಂತ್ರಾಂಶದ ಹೊಂದಾಣಿಕೆ

• ಗರಿಷ್ಠ ಬಲ: 100 ಪ್ರತಿಶತ ಬ್ರೇಕಿಗೆ ಬೇಕಾದ ಬಲ. ಇದು ತೀರ ಕಡಿಮೆಯಿದ್ದರೆ ಕಾಲಿನ ಸಣ್ಣ ವ್ಯತ್ಯಾಸವೂ ದೊಡ್ಡದಾಗುತ್ತದೆ. ತೀರ ಹೆಚ್ಚಿದ್ದರೆ ದೀರ್ಘ ಓಟದ ಕೊನೆಯಲ್ಲಿ ಕಾಲು ಸೋಲುತ್ತದೆ.
• ನಿಷ್ಕ್ರಿಯ ವಲಯ: ಪೆಡಲಿನ ಮೇಲೆ ಸುಮ್ಮನೆ ಇಟ್ಟ ಕಾಲಿನ ಭಾರ ಬ್ರೇಕಾಗಿ ದಾಖಲಾಗದಂತೆ ಆರಂಭದಲ್ಲಿ ಬಿಡುವ ಸಣ್ಣ ಅಂತರ.
• ಪ್ರತಿಕ್ರಿಯೆಯ ವಕ್ರರೇಖೆ: ಲೋಡ್ ಸೆಲ್‌ಗೆ ಸಾಮಾನ್ಯವಾಗಿ ಸರಳರೇಖೆ ಸಾಕು. ದೂರವನ್ನು ಅಳೆಯುವ ಪೆಡಲುಗಳಲ್ಲಿ ಆರಂಭದ ಸೂಕ್ಷ್ಮತೆಯನ್ನು ತಗ್ಗಿಸಲು ವಕ್ರರೇಖೆಯನ್ನು ಬಳಸುತ್ತಾರೆ.

ಪರೀಕ್ಷೆ

ಎಬಿಎಸ್ ಇಲ್ಲದ ಕಾರೊಂದನ್ನು ನೇರ ರಸ್ತೆಯಲ್ಲಿ ಓಡಿಸಿ, ಒಂದೇ ಗುರುತಿನ ಬಳಿ ಹಲವು ಬಾರಿ ಬ್ರೇಕ್ ಹಾಕಿ ನೋಡುವುದು ಸರಳ ವಿಧಾನ. ಪರದೆಯಲ್ಲಿ ಕಾಣುವ ಬ್ರೇಕ್ ಪ್ರಮಾಣ ಪ್ರತಿ ಬಾರಿ ಹತ್ತಿರ ಹತ್ತಿರವಿದ್ದರೆ ಹೊಂದಾಣಿಕೆ ಸರಿಯಾಗಿದೆ ಎಂದರ್ಥ. ಒಮ್ಮೆಗೆ ಒಂದೇ ಅಂಶವನ್ನು ಬದಲಿಸಬೇಕು. ಪದೇ ಪದೇ ಬದಲಿಸಿದರೆ ಕಾಲಿಗೆ ಅಭ್ಯಾಸವಾದ ಬಲದ ಅಂದಾಜು ತಪ್ಪುತ್ತದೆ. ಅತಿ ಗಟ್ಟಿಯಾದ ಪೆಡಲೇ ಉತ್ತಮವೆಂದಲ್ಲ. ಚಾಲಕ ಓಟದ ಕೊನೆಯವರೆಗೂ ಒಂದೇ ರೀತಿ ತುಳಿಯಬಲ್ಲದ್ದೇ ಅವನಿಗೆ ತಕ್ಕ ಪೆಡಲು.