ಹಗರಣ ಸುದ್ದಿಯಾಗುವ ಬಗೆ: ಬೋಫೋರ್ಸ್ ಪ್ರಕರಣ

ರಾಜಕೀಯ ಭ್ರಷ್ಟಾಚಾರದ ಪ್ರಕರಣಗಳಿಗೆ ಕನ್ನಡ ಪತ್ರಿಕೆಗಳು ಬಳಸುವ 'ಹಗರಣ' ಎಂಬ ಶಬ್ದಕ್ಕೆ ವೇಷ ಕಟ್ಟಿ ಆಡುವ ವಿನೋದಪ್ರದರ್ಶನವೆಂಬ ಹಳೆಯ ಅರ್ಥವಿದೆ. ಉತ್ತರ ಕನ್ನಡದ ಕರಾವಳಿಯ ಸುಗ್ಗಿ ಹಗರಣದಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಇಂತಹ ಪ್ರಕರಣಗಳಿಗೆ ಸುದ್ದಿಮಾಧ್ಯಮಗಳು ಇಷ್ಟೊಂದು ಸ್ಥಳ ಕೊಡುವುದೇಕೆಂದು ಕೇಳಿದರೆ, ಓದುಗರ ಕುತೂಹಲ ಮತ್ತು ಮಾರಾಟದ ಲಾಭ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಸುಳ್ಳಲ್ಲ, ಆದರೆ ಸಾಲದು. ಪತ್ರಿಕೆಗಳನ್ನೇ ಆಕರವಾಗಿಸಿಕೊಂಡು ಇತ್ತೀಚಿನ ಇತಿಹಾಸವನ್ನು ಬರೆಯುವವರಂತೂ ಇಷ್ಟಕ್ಕೇ ತೃಪ್ತರಾಗುವಂತಿಲ್ಲ.

ಬೋಫೋರ್ಸ್ ಪ್ರಕರಣವನ್ನೇ ನೋಡೋಣ. 155 ಮಿ.ಮೀ. ಅಳತೆಯ 410 ಫಿರಂಗಿಗಳನ್ನು ಕೊಳ್ಳಲು ಭಾರತ ಸರ್ಕಾರವು 1986ರ ಮಾರ್ಚ್‌ನಲ್ಲಿ ಈ ಸ್ವೀಡಿಷ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಇದರಲ್ಲಿ ಲಂಚ ಸಂದಾಯವಾಗಿದೆಯೆಂದು 1987ರ ಏಪ್ರಿಲ್ 16ರಂದು ಸ್ವೀಡನ್ನಿನ ರೇಡಿಯೋ ವರದಿ ಮಾಡಿತು. ಆಗಸ್ಟ್‌ನಲ್ಲಿ ಸಂಸತ್ತಿನ ಜಂಟಿ ಸಮಿತಿ ರಚನೆಯಾಯಿತು. ಅದರ ಅಧ್ಯಕ್ಷರು ಚಿಕ್ಕೋಡಿಯ ಸಂಸದರಾಗಿದ್ದ ಬಿ. ಶಂಕರಾನಂದರು. ಪ್ರಮುಖ ವಿರೋಧ ಪಕ್ಷಗಳು ಸಮಿತಿಯಿಂದ ದೂರ ಉಳಿದವು. 1988ರಲ್ಲಿ ಮದರಾಸಿನ 'ದಿ ಹಿಂದೂ' ಪತ್ರಿಕೆಯು, ಜಿನೀವಾದಲ್ಲಿದ್ದ ಚಿತ್ರಾ ಸುಬ್ರಮಣ್ಯಂ ಸಂಪಾದಿಸಿದ ದಾಖಲೆಗಳನ್ನು ಪ್ರಕಟಿಸತೊಡಗಿತು. 1989ರ ಜುಲೈಯಲ್ಲಿ ಲೆಕ್ಕಪರಿಶೋಧಕರ ವರದಿ ಬಂದಿತು, ವಿರೋಧ ಪಕ್ಷಗಳ ಲೋಕಸಭಾ ಸದಸ್ಯರು ಸಾಮೂಹಿಕವಾಗಿ ರಾಜೀನಾಮೆಯಿತ್ತರು, ಆ ವರ್ಷಾಂತ್ಯದ ಚುನಾವಣೆಯಲ್ಲಿ ಕಾಂಗ್ರೆಸ್ ಬಹುಮತ ಕಳೆದುಕೊಂಡಿತು.

ಪ್ರತಿಯೊಂದು ಹಂತಕ್ಕೂ ಇಲ್ಲಿ ಒಂದು ದಿನಾಂಕವಿದೆ, ಒಂದು ಹೆಸರಿದೆ, ಒಂದು ಕಾಗದವಿದೆ, ಮರುದಿನವೇ ಒಂದು ನಿರಾಕರಣೆಯಿದೆ. 1965ರಲ್ಲಿ ನಾರ್ವೆಯ ಗಾಲ್ಟುಂಗ್ ಮತ್ತು ರೂಗೆ ಎಂಬ ವಿದ್ವಾಂಸರು, ಗಣ್ಯ ವ್ಯಕ್ತಿಗಳಿಗೆ ಸಂಬಂಧಿಸಿದ, ಅಶುಭಸೂಚಕವಾದ ಸಂಗತಿ ಬೇಗ ಸುದ್ದಿಯಾಗುತ್ತದೆಂದೂ, ಒಮ್ಮೆ ಸುದ್ದಿಯಾದದ್ದು ಸುದ್ದಿಯಾಗಿಯೇ ಮುಂದುವರಿಯುತ್ತದೆಂದೂ ವಾದಿಸಿದ್ದರು. ಹಗರಣವು ಈ ಗುಣಗಳೆಲ್ಲವನ್ನೂ ಒಟ್ಟಿಗೇ ಹೊತ್ತು ತರುತ್ತದೆ. 1987ರಲ್ಲಿ ದೇಶವು ಭೀಕರ ಬರಗಾಲವನ್ನೂ ಕಂಡಿತು. ಪತ್ರಿಕೆಗಳು ಅದನ್ನೂ ಬರೆದವು. ಆದರೆ ಬರಕ್ಕೆ ರಹಸ್ಯ ಖಾತೆಯಿಲ್ಲ, ನಾಳೆ ಹೊರಬೀಳಬೇಕಾದ ದಾಖಲೆಯಿಲ್ಲ. ಇದಲ್ಲದೆ ಸಂಸತ್ತು, ವಿರೋಧ ಪಕ್ಷ, ತನಿಖಾ ಸಂಸ್ಥೆ, ನ್ಯಾಯಾಲಯಗಳು ತಮ್ಮ ತಮ್ಮ ಕಾರಣಗಳಿಗಾಗಿ ಹಗರಣವನ್ನು ಜೀವಂತವಾಗಿಡುತ್ತವೆ. ಮಾಧ್ಯಮಗಳನ್ನಷ್ಟೇ ದೂರುವವರು ಇದನ್ನು ಮರೆಯುತ್ತಾರೆ.

ಪತ್ರಿಕೆಗೆ ಸಾಕಾದ ದಾಖಲೆ ನ್ಯಾಯಾಲಯಕ್ಕೆ ಸಾಕಾಗಬೇಕೆಂದಿಲ್ಲ. ದೆಹಲಿಯ ಉಚ್ಚ ನ್ಯಾಯಾಲಯವು 2004ರಲ್ಲಿ ದಿವಂಗತ ರಾಜೀವ್ ಗಾಂಧಿಯವರ ಮೇಲಿನ ಲಂಚದ ಆರೋಪವನ್ನು ತಳ್ಳಿಹಾಕಿತು. 2005ರಲ್ಲಿ ಹಿಂದುಜಾ ಸಹೋದರರ ಮೇಲಿನ ಆರೋಪಗಳನ್ನು ರದ್ದುಪಡಿಸುವಾಗ, ಪ್ರಮಾಣೀಕರಿಸದ ನೆರಳಚ್ಚು ಪ್ರತಿಗಳನ್ನು ಸಾಕ್ಷ್ಯವೆಂದು ಒಪ್ಪಲಿಲ್ಲ. ದಾಖಲೆಗಳನ್ನು ಒದಗಿಸಿದವರು ತಾವೇ ಎಂದು ಸ್ವೀಡನ್ನಿನ ತನಿಖೆಯ ಮುಖ್ಯಸ್ಥರಾಗಿದ್ದ ಸ್ಟೆನ್ ಲಿಂಡ್‌ಸ್ಟ್ರೋಮ್ 2012ರಲ್ಲಿ ತಿಳಿಸಿದರು. ರಾಜೀವರು ಲಂಚ ಪಡೆದುದಕ್ಕೆ ಸಾಕ್ಷ್ಯವಿರಲಿಲ್ಲವೆಂದೂ, ಪ್ರಕರಣವನ್ನು ಮುಚ್ಚಿಹಾಕುವ ಯತ್ನವನ್ನು ಮಾತ್ರ ಅವರು ನೋಡಿಯೂ ಸುಮ್ಮನಿದ್ದರೆಂದೂ ಅವರು ಹೇಳಿದರು. 1987–89ರ ಪತ್ರಿಕಾ ಕಡತಗಳಲ್ಲಿ ಈ ಎರಡು ಮಾತುಗಳ ನಡುವಣ ಅಂತರ ಕಾಣಸಿಗುವುದು ಕಷ್ಟ. ಚೆನ್ನೈ, ಪುಣೆ, ಹೈದರಾಬಾದುಗಳ ಗ್ರಂಥಾಲಯಗಳಲ್ಲಿ ಆ ಕಡತಗಳನ್ನು ತೆರೆಯುವವರು 2004, 2005 ಮತ್ತು 2012ರ ಸಂಪುಟಗಳನ್ನೂ ಜೊತೆಗೇ ಕೇಳಿ ಪಡೆಯಬೇಕೆಂದು ನಾವು ಸೂಚಿಸುತ್ತೇವೆ.