ಆಸ್ಪತ್ರೆಯ ಮಾತು ಮನೆಗೆ ಬಾರದಿರಲಿ

“ಬೇಟಿ, ಇವತ್ತು ಆಸ್ಪತ್ರೆಗೆ ಯಾರ್ಯಾರು ಬಂದಿದ್ದರು?”

ನರ್ಸ್ ಆಗಿರುವ ಮಗಳು ಅಥವಾ ಸೊಸೆ ಡ್ಯೂಟಿ ಮುಗಿಸಿ ಬಂದಾಗ ಚಹಾ ಕೊಡುತ್ತಾ ನಾವು ಹೀಗೆ ಕೇಳುತ್ತೇವೆ. ಕೇಳುವವರ ಮನಸ್ಸಿನಲ್ಲಿ ಕೇಡಿರುವುದಿಲ್ಲ. ಆದರೆ ಅದಕ್ಕೆ ಬಂದ ಉತ್ತರದಿಂದ ಒಂದು ಮನೆಯೇ ನೋಯಬಹುದು.

ಕಿಬ್ಬನಹಳ್ಳಿಯ ನನ್ನ ದವಾಖಾನೆಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆಯಿಂದ ಜನ ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಹಾಗೆ ಬಂದ ಒಬ್ಬ ತಾಯಿಗೆ ತಿಂಗಳಿಂದ ಕೆಮ್ಮು, ಸಂಜೆಯಾದರೆ ಜ್ವರ. ತೂಕವೂ ಇಳಿದಿತ್ತು. ಜೋಶಾಂದಾ ಕೊಟ್ಟು ಕಳಿಸುವ ಕೆಮ್ಮಲ್ಲ ಎಂದು ಕಫ ಪರೀಕ್ಷೆಗೆ ಕಳಿಸಿದೆ. ಟಿ.ಬಿ. ಎಂದು ತಿಳಿದು ಮಾತ್ರೆ ಶುರುವಾಯಿತು. ಎರಡು ತಿಂಗಳಿಗೆ ಅವರು ಮಾತ್ರೆ ನಿಲ್ಲಿಸಿಬಿಟ್ಟರು.

ಮಾತ್ರೆಯಿಂದ ತೊಂದರೆಯೇನೂ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಒಬ್ಬರು ಮನೆಯಲ್ಲಿ ಆಡಿದ ಮಾತು ಒಂದು ವಲೀಮಾ ಊಟದ ಸಾಲಿಗೆ ಮುಟ್ಟಿತು. ಅಲ್ಲಿಂದ ಈ ತಾಯಿಯ ಮಗಳನ್ನು ನೋಡಿಹೋಗಿದ್ದ ಗಂಡಿನ ಮನೆಗೂ ಹೋಯಿತು. ಸಂಬಂಧ ಮುರಿಯಿತು. “ಡಾಕ್ಟರ್ ಸಾಬ್, ನಾನು ಸತ್ತರೂ ಸರಿ, ಇನ್ನು ಆ ಮಾತ್ರೆಗೆ ಹೋಗಲ್ಲ” ಎಂದರು. ಮತ್ತೆ ಒಪ್ಪಿಸಲು ವಾರಗಳೇ ಬೇಕಾದವು. ಆ ತಾಯಿಯ ಒಪ್ಪಿಗೆ ಪಡೆದೇ, ಗುರುತು ಸಿಗುವ ವಿವರ ಬಿಟ್ಟು, ಇದನ್ನು ಬರೆದಿದ್ದೇನೆ.

ಸಾಮಾನ್ಯ ಟಿ.ಬಿ.ಗೆ ಆರು ತಿಂಗಳ ಚಿಕಿತ್ಸೆ ಬೇಕು. ನಡುವೆ ನಿಲ್ಲಿಸಿದರೆ ರೋಗ ಮರುಕಳಿಸಿ, ಅದೇ ಔಷಧಿಗೆ ಬಗ್ಗದ ಟಿ.ಬಿ. ಆಗಬಹುದು. ಮನೆಯ ಮಕ್ಕಳಿಗೂ ಹರಡಬಹುದು. ಗುಟ್ಟು ರಟ್ಟಾದರೆ ರೋಗಿ ರೋಗವನ್ನೇ ಮುಚ್ಚಿಡುತ್ತಾನೆ. ಮುಚ್ಚಿಟ್ಟ ರೋಗ ಊರಿಗೆಲ್ಲ ಹಬ್ಬುತ್ತದೆ.

ಹೆಸರು ಹೇಳದಿದ್ದರೆ ಸಾಕೇ?

“ನಾನು ಹೆಸರು ಹೇಳಲಿಲ್ಲವಲ್ಲ” ಎನ್ನುವವರಿದ್ದಾರೆ. ನಮ್ಮ ಊರುಗಳಲ್ಲಿ “ಮಸೀದಿ ಹಿಂದಿನ ಮನೆ, ಮಗ ಕೊಬ್ಬರಿ ಮಂಡಿಯಲ್ಲಿದ್ದಾನೆ” ಎಂದರೆ ಸಾಕು, ಉಳಿದದ್ದನ್ನು ಕೇಳಿದವರೇ ಕೂಡಿಸಿಕೊಳ್ಳುತ್ತಾರೆ. ಕೊರೊನಾ ಕಾಲ ನೆನಪಿಸಿಕೊಳ್ಳಿ. ಸರ್ಕಾರದ ಬುಲೆಟಿನ್‌ನಲ್ಲಿ ರೋಗಿಗೆ ಹೆಸರಿರಲಿಲ್ಲ, ‘ಪಿ’ ಎಂಬ ಅಕ್ಷರದ ಮುಂದೆ ಒಂದು ಸಂಖ್ಯೆ ಮಾತ್ರ. ಆದರೆ 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಮನೆ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯೇ ಬಹಿರಂಗವಾಗಿ ವಾಟ್ಸಾಪ್‌ನಲ್ಲಿ ಓಡಾಡಿತು. ಸೋಂಕೇ ಇಲ್ಲದವರನ್ನೂ ನೆರೆಯವರು ಅನುಮಾನದಿಂದ ನೋಡುವಂತಾಯಿತು.

ಯಾವಾಗ ಹೇಳಬೇಕು?

ಹಾಗೆಂದು ನರ್ಸ್ ಎಲ್ಲವನ್ನೂ ನುಂಗಿಕೊಂಡಿರಬೇಕೆಂದಲ್ಲ. ಹೇಳಲೇಬೇಕಾದ ಸಂದರ್ಭಗಳಿವೆ. ಯಾರಿಗೆ, ಎಷ್ಟು, ಯಾರ ಮೂಲಕ ಎಂಬುದನ್ನು ಅರಿತು ಹೇಳಬೇಕು.

ಟಿ.ಬಿ. ಪತ್ತೆಯಾದರೆ ಸರ್ಕಾರಕ್ಕೆ ವರದಿ ಮಾಡುವುದು 2012ರಿಂದ ಕಡ್ಡಾಯ. ರೋಗಿಯ ಜೊತೆ ವಾಸಿಸುವವರಿಗೂ ತಪಾಸಣೆ ಆಗಬೇಕು. ಓಣಿಯವರಿಗೆ ಈ ವಿಷಯ ತಿಳಿಯಬೇಕಾಗಿಲ್ಲ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. “ಮನೆ ಮರ್ಯಾದೆ” ಎಂದು ಮುಚ್ಚಿಡುವುದು ಅಪರಾಧ. ಮಗುವಿನ ಗುರುತನ್ನು ಮಾತ್ರ ಕಾಪಾಡಬೇಕು.

ಎಚ್.ಐ.ವಿ. ವಿಷಯ ಇನ್ನೂ ಸೂಕ್ಷ್ಮ. 2017ರ ಕಾಯ್ದೆಯ ಪ್ರಕಾರ ರೋಗಿಯ ಒಪ್ಪಿಗೆ ಇಲ್ಲದೆ ಅವರ ಸ್ಥಿತಿಯನ್ನು ಹೊರಗೆ ಹೇಳುವಂತಿಲ್ಲ. ಸಂಗಾತಿಗೆ ಅಪಾಯವಿದ್ದು ರೋಗಿ ತಾನೇ ಹೇಳಲು ಒಪ್ಪದಿದ್ದರೆ, ಕಾನೂನು ಹೇಳಿದ ಕ್ರಮದಲ್ಲಿ ವೈದ್ಯರು ಅಥವಾ ಆಪ್ತಸಮಾಲೋಚಕರು ಸಂಗಾತಿಗೆ ತಿಳಿಸಬಹುದು. ನರ್ಸ್‌ಗೆ ಆ ಅಧಿಕಾರವಿಲ್ಲ. ಆಕೆ ತನ್ನ ಕಳವಳವನ್ನು ವೈದ್ಯರ ಮುಂದಿಡಬೇಕು, ಅತ್ತೆಯ ಮುಂದಲ್ಲ.

ಇದು ಅಮಾನತ್

ಗಾಯಾಳುಗಳ ಆರೈಕೆ ಮಾಡುತ್ತಿದ್ದ ಹಝ್ರತ್ ರುಫೈದಾ(ರ) ಅವರ ಡೇರೆ ಮದೀನಾದ ಮಸೀದಿಯ ಬಳಿಯೇ ಇತ್ತು. ನರ್ಸಿಂಗ್ ಕಲಿಯುವ ನಮ್ಮ ಹೆಣ್ಣುಮಕ್ಕಳಿಗೆ ಅವರು ಮಾದರಿ. ರೋಗಿ ತನ್ನ ದೇಹವನ್ನೂ ದುಃಖವನ್ನೂ ನಂಬಿಕೆಯಿಂದ ನಮ್ಮ ಕೈಗೆ ಒಪ್ಪಿಸುತ್ತಾನೆ. ಅದು ಅಮಾನತ್. ಇತರರ ಗುಟ್ಟು ಕೆದಕುವುದನ್ನೂ ಪರದೂಷಣೆಯನ್ನೂ ಪವಿತ್ರ ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯ ನಿಷೇಧಿಸಿದೆ. ಅದು ಹೇಳುವವರಿಗೆ ಮಾತ್ರವಲ್ಲ, ಕೇಳುವವರಿಗೂ ಅನ್ವಯಿಸುತ್ತದೆ.

ನನ್ನ ದವಾಖಾನೆಯಲ್ಲೂ ತಪ್ಪಿತ್ತು. ಔಷಧಿ ಕೊಡುವಾಗ ಕಾಂಪೌಂಡರ್ ಎಲ್ಲರೆದುರು ಕಾಯಿಲೆಯ ಹೆಸರು ಹೇಳುತ್ತಿದ್ದ. ನಾನೂ ಗಮನಿಸಿರಲಿಲ್ಲ. ಈಗ ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತನಾಡುತ್ತೇವೆ.

ನೀವು ಇಷ್ಟು ಮಾಡಿ:

• ಮನೆಯಲ್ಲಿ ನರ್ಸ್, ಆಶಾ ಕಾರ್ಯಕರ್ತೆ ಅಥವಾ ಲ್ಯಾಬ್ ನೌಕರರಿದ್ದರೆ ರೋಗಿಗಳ ಬಗ್ಗೆ ಕೇಳಬೇಡಿ. “ತುಂಬಾ ದಣಿದೆಯಾ?” ಎಂದು ಕೇಳಿ.
• ಯಾರದೇ ರಿಪೋರ್ಟ್, ಆಸ್ಪತ್ರೆಯ ಫೋಟೋಗಳನ್ನು ವಾಟ್ಸಾಪ್‌ಗೆ ಹಾಕಬೇಡಿ, ದುಆ ಕೋರಲು ಕೂಡ. ಅಗತ್ಯವಿದ್ದರೆ ಮೊದಲು ರೋಗಿಯ ಒಪ್ಪಿಗೆ ಪಡೆಯಿರಿ.
• ನೀವು ರೋಗಿಯಾಗಿದ್ದರೆ “ಬೇರೆಯವರೆದುರು ಬೇಡ, ಒಳಗೆ ಮಾತಾಡೋಣ” ಎನ್ನಲು ಸಂಕೋಚಪಡಬೇಡಿ. ಅದು ನಿಮ್ಮ ಹಕ್ಕು.
• ಸಂಬಂಧ ನೋಡುವಾಗ ಆರೋಗ್ಯದ ವಿಷಯ ತಿಳಿಯಬೇಕಿದ್ದರೆ ಎರಡೂ ಮನೆಯವರು ನೇರವಾಗಿ ಕೂತು ಮಾತಾಡಿ. ಆಸ್ಪತ್ರೆಯಲ್ಲಿರುವ ನೆಂಟರಿಂದ ಗುಟ್ಟಾಗಿ ವಿಚಾರಿಸಬೇಡಿ.

ಆ ತಾಯಿ ಚಿಕಿತ್ಸೆ ಪೂರ್ತಿ ಮಾಡಿದರು. ಅಲ್ಲಾಹನ ಕೃಪೆಯಿಂದ ಗುಣವಾದರು. ಮಗಳ ಮದುವೆ ಮುಂದೆ ಬೇರೆ ಕಡೆ ಆಯಿತು. ಆದರೆ ಆ ವಲೀಮಾದಲ್ಲಿ ಪಕ್ಕ ಕೂತು ಉಂಡವರ ಮನೆಗೆ ಅವರು ಇಂದಿಗೂ ಹೋಗುವುದಿಲ್ಲ. ಆ ಗಾಯಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.